ನನ್ನ ಪಾಲಿಗೆ ಬಂದ ನಾರ್ವೆ

ಹಾಡಿಗೂ ನನಗೂ ದಾಯಾದಿ ಸಂಬಂಧ. ಮಾತುಕತೆ ಇಲ್ಲ, ಆದರೆ ಬೇಲಿಯಾಚೆ ಏನು ನಡೆಯುತ್ತಿದೆ ಎಂದು ಒಂದು ಕಣ್ಣು ಆ ಕಡೆಗೆ ಇದ್ದೇ ಇರುತ್ತದೆ. ಈ ಮನಸ್ತಾಪ ಶುರುವಾದದ್ದು ನಾನು ಏಳನೇ ತರಗತಿಯಲ್ಲಿದ್ದಾಗ. ಹೋಬಳಿ ಮಟ್ಟದ ಭಾವಗೀತೆ ಸ್ಪರ್ಧೆಗೆ ಹೆಸರು ಕೊಟ್ಟವರು ಮೂವರು. ಮೇಜಿನ ಮೇಲೆ ಜೋಡಿಸಿಟ್ಟಿದ್ದ ಬಹುಮಾನಗಳು ಮೂರು. ಗಣಿತದಲ್ಲಿ ನಾನು ಎಷ್ಟೇ ಹಿಂದಿದ್ದರೂ ಇಷ್ಟು ಲೆಕ್ಕ ಬರುತ್ತಿತ್ತು. ಹೊರಡುವಾಗಲೇ ಅಮ್ಮನಿಗೆ ಬಹುಮಾನ ತರುತ್ತೇನೆಂದು ಹೇಳಿ ಬಂದಿದ್ದೆ. ಮೂವರೂ ಹಾಡಿದೆವು. ತೀರ್ಪುಗಾರರು ಕನ್ನಡಕ ಒರೆಸಿಕೊಂಡು ಎದ್ದು ನಿಂತು ಮೊದಲನೆಯದನ್ನು ಹೇಳಿದರು, ಎರಡನೆಯದನ್ನು ಹೇಳಿದರು. ಆಮೇಲೆ, "ಮೂರನೇ ಬಹುಮಾನಕ್ಕೆ ಅರ್ಹರಾದವರು ಯಾರೂ ಕಂಡುಬರಲಿಲ್ಲ" ಎಂದು ಹೇಳಿ ಕೂತುಬಿಟ್ಟರು.

ನನ್ನ ಮುಖ ನೋಡಲಾರದೆ ಯಾರೋ ಮೇಷ್ಟರು ಒಂದು ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ ಕೈಗಿಟ್ಟು, ಸಮಾಧಾನಕರ ಬಹುಮಾನ ಅಂದರು. ಬರೀ ಡಬ್ಬಿ, ಒಳಗೆ ಸೋಪಿರಲಿಲ್ಲ. ಅಮ್ಮ ಅದರಲ್ಲಿ ಅಂಗಿ ಗುಂಡಿ, ಸೂಜಿ, ಪಿನ್ನು ಹಾಕಿಟ್ಟುಕೊಂಡಳು. ನನ್ನ ಮದುವೆಯಾದ ಹೊಸತರಲ್ಲಿ ಸೊಸೆ ಗುಂಡಿ ಹುಡುಕಲು ಹೋಗಿ, ಅತ್ತೆ ಡಬ್ಬಿಯ ಚರಿತ್ರೆಯನ್ನು ವಿಸ್ತಾರವಾಗಿ ಹೇಳಿ, ಅಂದಿನಿಂದ ಆ ಡಬ್ಬಿ ನಮ್ಮ ದಾಂಪತ್ಯದಲ್ಲಿ ಬ್ರಹ್ಮಾಸ್ತ್ರವಾಗಿ ಉಳಿದಿದೆ. ಹೆಂಡತಿ ಸಂಗೀತದಲ್ಲಿ ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿದವಳು. ನಾನು ಬಚ್ಚಲಲ್ಲಿ ಗುನುಗಿದರೆ ಸಾಕು, "ರೀ, ಸೋಪು ಬೇಕಾ, ಡಬ್ಬಿ ಬೇಕಾ?" ಎಂದು ಹೊರಗಿನಿಂದ ಕೇಳುತ್ತಾಳೆ.

ಇಷ್ಟು ಹಳೆಯ ಗಾಯವನ್ನು ಕೆದಕಲು ಕಾರಣ ನಾರ್ವೆ ದೇಶ. ಎಲ್ಲಿಯ ಶಿವಮೊಗ್ಗ, ಎಲ್ಲಿಯ ನಾರ್ವೆ ಎಂದು ನೀವು ಕೇಳಬಹುದು. ಮಗಳು ಓಸ್ಲೋದಲ್ಲಿದ್ದಾಳೆ. ಈಗ ಮಕ್ಕಳು ಎಲ್ಲಿದ್ದಾರೋ ಭೂಗೋಳ ಅಲ್ಲಿಂದ ಶುರುವಾಗುತ್ತದೆ. 2024ರ ಮೇ ತಿಂಗಳಲ್ಲಿ ನಾವಿಬ್ಬರೂ ಹಲಸಿನ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿಗಳ ಭಾರಕ್ಕೆ ಒಂದು ಕಡೆ ವಾಲಿಕೊಂಡು ಅಲ್ಲಿ ಇಳಿದೆವು. ಆ ಊರಿನಲ್ಲಿ ಮೇ ತಿಂಗಳಿಗೆ ರಾತ್ರಿ ಎನ್ನುವುದು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಒಂಬತ್ತು ಗಂಟೆಗೆ ಊಟಕ್ಕೆ ಕೂತರೂ ಹೊರಗೆ ಬಿಸಿಲು ಇಣುಕುತ್ತಿರುತ್ತದೆ. ದೀಪ ಹಚ್ಚುವ ಹೊತ್ತು ಯಾವುದೆಂದು ಗೊತ್ತಾಗದೆ ನನ್ನ ಹೆಂಡತಿ ವಾಚು ನೋಡಿ ದೇವರಿಗೆ ದೀಪ ಹಚ್ಚುತ್ತಿದ್ದಳು.

ಅಂಥದೊಂದು ಶನಿವಾರ, 11ನೇ ತಾರೀಕು, ಮಗಳು ಸಂಜೆಗೇ ಟೀವಿ ಮುಂದೆ ಕುರ್ಚಿ ಜೋಡಿಸತೊಡಗಿದಳು. ಪಕ್ಕದ ಮನೆಯ ಅಜ್ಜ, ಅಜ್ಜಿ ಕೇಕು ಹಿಡಿದುಕೊಂಡು ಬಂದರು. ಕ್ರಿಕೆಟ್ ಹುಚ್ಚಿಲ್ಲದ ದೇಶದಲ್ಲಿ ಇದೇನು ಸಂಭ್ರಮ ಎಂದುಕೊಂಡರೆ, ಯೂರೋವಿಷನ್ ಹಾಡಿನ ಸ್ಪರ್ಧೆಯಂತೆ. ಅಲ್ಲಿನವರು ಚುಟುಕಾಗಿ ಗ್ರ್ಯಾಂಡ್ ಪ್ರಿ ಅನ್ನುತ್ತಾರೆ. 1956ರಲ್ಲಿ ಸ್ವಿಟ್ಜರ್‌ಲೆಂಡಿನ ಲುಗಾನೊದಲ್ಲಿ ಏಳು ದೇಶಗಳು ಸೇರಿಕೊಂಡು ಶುರುಮಾಡಿದ್ದು. ದೇಶಕ್ಕೊಂದು ಹಾಡು, ಮೂರು ನಿಮಿಷ ಮೀರುವಂತಿಲ್ಲ, ವೇದಿಕೆಯ ಮೇಲೆ ಆರು ಜನರಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಮೂರು ನಿಮಿಷದ ನಿಯಮ ಕೇಳಿ ನನಗೆ ಆ ಜನರ ಮೇಲೆ ತುಂಬಾ ಗೌರವ ಬಂತು. ನಮ್ಮೂರ ಗಣೇಶೋತ್ಸವದಲ್ಲಿ ಸ್ವಾಗತ ಭಾಷಣಕ್ಕಾದರೂ ಈ ನಿಯಮ ತಂದರೆ ಗಣಪತಿ ಎರಡು ದಿನ ಮೊದಲೇ ನೆಮ್ಮದಿಯಾಗಿ ನೀರಿಗೆ ಬೀಳುತ್ತಿದ್ದ.

ಹಾಡು ಮುಗಿದ ಮೇಲೆ ಅಂಕ ಹಂಚುವುದು. ಒಂದೊಂದು ದೇಶವೂ ತನಗೆ ಹಿಡಿಸಿದ ಹತ್ತು ಹಾಡುಗಳಿಗೆ ಹನ್ನೆರಡು, ಹತ್ತು, ಎಂಟರಿಂದ ಒಂದರವರೆಗೆ ಕೊಡುತ್ತದೆ. ತನ್ನ ದೇಶಕ್ಕೆ ತಾನೇ ಕೊಟ್ಟುಕೊಳ್ಳುವಂತಿಲ್ಲ. ಈಗ ತೀರ್ಪುಗಾರರದ್ದೇ ಒಂದು ಲೆಕ್ಕ, ಮನೆಯಲ್ಲಿ ಕೂತು ಫೋನಿನಲ್ಲಿ ಮತ ಹಾಕುವ ಜನರದ್ದೇ ಇನ್ನೊಂದು ಲೆಕ್ಕ. ಎಲ್ಲ ಸರಿ, ಆದರೆ ಗ್ರೀಸ್ ದೇಶ ಸೈಪ್ರಸ್‌ಗೆ ಹನ್ನೆರಡು ಕೊಡುವುದು, ಸೈಪ್ರಸ್ ಗ್ರೀಸಿಗೆ ಹನ್ನೆರಡು ಕೊಡುವುದು ಹೆಚ್ಚುಕಡಿಮೆ ವರ್ಷವರ್ಷವೂ ನಡೆದು ಬಂದದ್ದು, ಸಭೆ ಅದಕ್ಕೆ ನಗುತ್ತದೆ. ನನಗೆ ನಗು ಬರಲಿಲ್ಲ, ಮನೆಯಲ್ಲಿದ್ದಂತೆ ಅನ್ನಿಸಿತು. ಇದು ನಮ್ಮ ಮುಯ್ಯಿಯಲ್ಲದೆ ಮತ್ತೇನು? ನಮ್ಮಪ್ಪನ ಟ್ರಂಕಿನಲ್ಲಿ ಒಂದು ಪುಸ್ತಕವಿತ್ತು. ಯಾರ ಮದುವೆಯಲ್ಲಿ ನಾವು ಎಷ್ಟು ಓದಿಸಿದೆವು, ನಮ್ಮ ಮನೆ ಮದುವೆಗೆ ಅವರು ಎಷ್ಟು ಓದಿಸಿದರು ಎಲ್ಲವೂ ಅದರಲ್ಲಿ ದಾಖಲು. ಹುಡುಗಿ ಚೆನ್ನಾಗಿದ್ದಾಳೋ, ಊಟ ಚೆನ್ನಾಗಿತ್ತೋ ಎಂಬುದಕ್ಕೂ ಮುಯ್ಯಿಗೂ ಸಂಬಂಧವಿಲ್ಲ.

ಅಳಿಯ ಇಪ್ಪತ್ತೈದು ದೇಶಗಳ ಹೆಸರು ಬರೆದು ಚೀಟಿ ಮಾಡಿ ದೋಸೆ ಹಿಟ್ಟಿನ ಪಾತ್ರೆಯಲ್ಲಿ ಹಾಕಿದ್ದ. ಇಪ್ಪತ್ತಾರು ಇರಬೇಕಿತ್ತಂತೆ, ನೆದರ್‌ಲೆಂಡ್ಸ್‌ನ ಹಾಡುಗಾರನನ್ನು ಕೊನೆಗಳಿಗೆಯಲ್ಲಿ ಹೊರಗಿಟ್ಟಿದ್ದರು. ಸ್ಪರ್ಧೆ ನಡೆಯುತ್ತಿದ್ದ ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ಗಾಜಾ ಯುದ್ಧದ ಕಾರಣಕ್ಕೆ ಬೀದಿಯಲ್ಲಿ ದೊಡ್ಡ ಪ್ರತಿಭಟನೆಗಳೂ ನಡೆದಿದ್ದವು. ಹಾಡಿನ ಚಪ್ಪರದೊಳಗೂ ಲೋಕದ ಬಿಸಿಲು ಬೀಳದೆ ಇರುವುದಿಲ್ಲ. ಇರಲಿ. ಅಳಿಯನನ್ನು ಬಿಟ್ಟು ಐದು ಜನ, ಒಬ್ಬೊಬ್ಬರಿಗೆ ಐದೈದು ಚೀಟಿ. ಯಾರ ಕೈಯಲ್ಲಿ ಗೆದ್ದ ದೇಶವಿರುತ್ತದೋ ಅವರಿಗೆ ಒಂದು ಕಟ್ಟು ಹಲಸಿನ ಹಪ್ಪಳ. ಯಾರ ಕೈಯಲ್ಲಿ ಕೊನೆಗೆ ಬಂದ ದೇಶವಿರುತ್ತದೋ ಅವರು ಎದ್ದು ನಿಂತು ಒಂದು ಹಾಡು ಹೇಳಬೇಕು. ಷರತ್ತಿನ ಕೊನೆಯ ಭಾಗ ಹೆಂಡತಿ ಸೇರಿಸಿದ್ದು.

ನನ್ನ ಚೀಟಿ ಬಿಚ್ಚಿದೆ. ಪೋರ್ಚುಗಲ್, ಸರ್ಬಿಯಾ, ಜಾರ್ಜಿಯಾ, ಲಾಟ್ವಿಯಾ, ನಾರ್ವೆ. ನಾರ್ವೆ ಬಂದದ್ದು ನೋಡಿ ನನಗೆ ಹಿಗ್ಗು. ಉಂಡ ಮನೆ, ನೆಲದ ಋಣ, ಅತಿಥೇಯರ ಮುಂದೆ ಅವರ ದೇಶದ ಪರವಾಗಿ ಕೂಗುವ ಭಾಗ್ಯ. ಚೀಟಿ ಎತ್ತಿ ತೋರಿಸಿದೆ. ಅಜ್ಜ ನನ್ನ ಭುಜದ ಮೇಲೆ ಕೈಯಿಟ್ಟು ಏನೋ ಹೇಳಿದರು. ಮಗಳು ಅನುವಾದಿಸಿದಳು: "ಅಪ್ಪಾ, ಯಾವ ಹಾಡು ಹೇಳೋದು ಅಂತ ಈಗಲೇ ಯೋಚನೆ ಮಾಡ್ಕೋಬೇಕಂತೆ."

ಆಮೇಲೆ ಗೊತ್ತಾಯಿತು, ಈ ಸ್ಪರ್ಧೆಯಲ್ಲಿ ಕೊನೆಯ ಸ್ಥಾನವೆಂಬುದು ನಾರ್ವೆಯ ಪಿತ್ರಾರ್ಜಿತ ಆಸ್ತಿ. ನಮ್ಮ ಹಳ್ಳಿಯ ಹಿರಿಯರು ಬರಗಾಲ ಬಂದ ವರ್ಷಗಳನ್ನು ಬೆರಳು ಮಡಿಸಿ ಎಣಿಸುವ ಹಾಗೆ ಅಜ್ಜ ಎಣಿಸತೊಡಗಿದರು. 1963, 1969, 1974, 1976, 1978, 1981, 1990, 1997, 2001, 2004... ಬೆರಳು ಮುಗಿದು ಅಜ್ಜಿಯ ಕೈ ಎಳೆದುಕೊಂಡರು. 2012. ಹಂಚಿಕೊಂಡದ್ದೂ ಸೇರಿ ಅಲ್ಲಿಗೆ ಹನ್ನೊಂದು. ಅದರಲ್ಲಿ ನಾಲ್ಕು ಸಲ ಸೊನ್ನೆ, ಅಂದರೆ ಇಡೀ ಯೂರೋಪಿನಲ್ಲಿ ಒಂದು ಅಂಕ ಕೊಡುವ ಪುಣ್ಯಾತ್ಮ ಒಬ್ಬನೂ ಇಲ್ಲ. ಸೊನ್ನೆಯಲ್ಲಿ ಆಸ್ಟ್ರಿಯಾ ದೇಶ ಸರಿಸಮ ನಿಂತಿದೆ ಎಂಬುದು ಅಜ್ಜನಿಗೆ ಅಷ್ಟು ಇಷ್ಟವಾದ ಸಂಗತಿಯಲ್ಲ.

ಹಾಗಂತ 1960ರಲ್ಲಿ ಇವರು ಹೊಸದಾಗಿ ಸೇರಿದಾಗ ಅಪಶಕುನವೇನೂ ಇರಲಿಲ್ಲ. ನೂರಾ ಬ್ರೋಕ್‌ಸ್ಟೆಟ್ ಎಂಬ ಗಾಯಕಿ ಲಂಡನ್ನಿಗೆ ಹೋಗಿ 'ವೊಯ್ ವೊಯ್' ಎಂಬ ಹಾಡು ಹಾಡಿ ನಾಲ್ಕನೆಯ ಸ್ಥಾನ ತಂದರು. 1966ರಲ್ಲಿ ಓಸೆ ಕ್ಲೆವೆಲಾಂಡ್ ಎಂಬ ಹುಡುಗಿ, ಹೆಂಗಸರೆಲ್ಲ ಉದ್ದನೆಯ ಗೌನು ತೊಟ್ಟು ನಿಲ್ಲುತ್ತಿದ್ದ ಆ ವೇದಿಕೆಗೆ ಪ್ಯಾಂಟು ತೊಟ್ಟು ಬಂದು ಮೂರನೆಯವಳಾದಳು. ಮುಂದೆ ಅದೇ ಹುಡುಗಿ ನಾರ್ವೆಯ ಸಂಸ್ಕೃತಿ ಮಂತ್ರಿಯಾದರು. (ಮೂರನೇ ಬಹುಮಾನ ಸರಿಯಾಗಿ ಕೊಟ್ಟಿದ್ದರೆ ನಾನೂ ಏನಾಗುತ್ತಿದ್ದೆನೋ!)

ತೊಂದರೆ ಎಲ್ಲಿ ಎಂದು ನಾನು ಯೋಚಿಸಿದೆ. ನನ್ನ ಪ್ರಕಾರ ಹಾಡಿಗೆ ಹೆಸರಿಡುವಲ್ಲಿ. ನಮ್ಮಜ್ಜಿ ಕೆಟ್ಟ ಮಾತು ಆಡಗೊಡುತ್ತಿರಲಿಲ್ಲ. ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಕೇಳಿಸಿಕೊಂಡು ಅಸ್ತು ಅಂದುಬಿಡುತ್ತಾರೆ ಎನ್ನುತ್ತಿದ್ದಳು. 1981ರಲ್ಲಿ ಫಿನ್ ಕಾಲ್ವಿಕ್ ಎಂಬ ಗಾಯಕ ಡಬ್ಲಿನ್ನಿಗೆ ಒಯ್ದ ಹಾಡಿನ ಹೆಸರು 'ಆಲ್ದ್ರಿ ಇ ಲಿವೆ'. ಅಂದರೆ, ಜನ್ಮದಲ್ಲಿ ಇಲ್ಲ. ಅಸ್ತು ಅಂದರು, ಸೊನ್ನೆ ಬಂತು. 1969ರ ಹಾಡಿನ ಹೆಸರಿನ ಅರ್ಥ, 'ಓಯ್ ಓಯ್ ಓಯ್, ನನಗೆಷ್ಟು ಖುಷಿಯಾಗಲಿದೆ' ಎಂದು. ಬಂದದ್ದು ಒಂದೇ ಒಂದು ಅಂಕ. ದೇವತೆಗಳು ಆ ಹೊತ್ತಿಗೆ ಊಟಕ್ಕೆ ಹೋಗಿದ್ದಿರಬೇಕು.

1978ರ ಕತೆ ಹೇಳುವಾಗ ಅಜ್ಜಿ ಕೇಕಿನ ತಟ್ಟೆ ಕೆಳಗಿಟ್ಟರು. ಆಗ ಆ ದೇಶದಲ್ಲಿ ಇದ್ದದ್ದು ಒಂದೇ ಟೀವಿ ಚಾನೆಲ್, ನಮ್ಮ ಹಳೆಯ ದೂರದರ್ಶನದ ಕಾಲದ ಹಾಗೆ. ಹಾಗಾಗಿ ಇಡೀ ದೇಶ ಒಟ್ಟಿಗೆ ನೋಡಿತು. ಯಾನ್ ಟೈಗೆನ್ ಎಂಬ ಯುವಕ ಪ್ಯಾರಿಸ್ಸಿನ ವೇದಿಕೆಯಲ್ಲಿ 'ಮಿಲ್ ಎಟ್ಟರ್ ಮಿಲ್' ಎಂಬ ಗಂಭೀರವಾದ ಹಾಡು ಹಿಡಿದುಕೊಂಡು ಬಂದ. ಮೈಲಿ ಮೈಲಿ ದೂರ ಎಂದು ಅದರ ಅರ್ಥ. ಹಾಡಿದ, ಕುಣಿದ, ಪ್ಯಾಂಟಿಗೆ ಕಟ್ಟಿದ್ದ ಭುಜಪಟ್ಟಿಯನ್ನು ಎಳೆದು ಫಟ್ ಎಂದು ಬಿಟ್ಟ, ಮೇಲಕ್ಕೆ ನೆಗೆದ. ಒಂದೊಂದೇ ದೇಶ ಅಂಕ ಹೇಳುತ್ತಾ ಹೋಯಿತು. ಪಕ್ಕದ ಸ್ವೀಡನ್ ಕೊಡಲಿಲ್ಲ, ಡೆನ್ಮಾರ್ಕ್ ಕೊಡಲಿಲ್ಲ, ಫಿನ್ಲೆಂಡ್ ಕೊಡಲಿಲ್ಲ. ಮುಯ್ಯಿ ಪುಸ್ತಕದಲ್ಲಿ ಆ ಪುಟ ಇವತ್ತಿಗೂ ಖಾಲಿ. 1975ರಲ್ಲಿ ಹನ್ನೆರಡು ಅಂಕದ ಈ ಪದ್ಧತಿ ಬಂದ ಮೇಲೆ ಸೊನ್ನೆ ಪಡೆದ ಮೊದಲಿಗ ಅವನೇ.

ನಾನಾಗಿದ್ದರೆ ಪ್ಯಾರಿಸ್ಸಿನಲ್ಲೇ ಎಲ್ಲಾದರೂ ಹೋಟೆಲಿನಲ್ಲಿ ಲೋಟ ತೊಳೆದುಕೊಂಡು ಇದ್ದುಬಿಡುತ್ತಿದ್ದೆ. ಟೈಗೆನ್ ಊರಿಗೆ ಬಂದ. ಬಂದು ನೋಡುತ್ತಾನೆ, ಜನ ಅವನನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಾರೆ! ಯೂರೋಪೆಲ್ಲ ತಳ್ಳಿದ ಆ ಹಾಡು ನಾರ್ವೆಯಲ್ಲಿ ಭರ್ಜರಿ ಹಿಟ್ಟಾಯಿತು. ಅವನೂ ಘಾಟಿ, ಹಾಸ್ಯದ ತಂಡವೊಂದರಲ್ಲಿ ಪಳಗಿದವನು. ಅದೇ ವರ್ಷ ಒಂದು ಆಲ್ಬಂ ತಂದು ಅದಕ್ಕೆ 'ಈ ವರ್ಷದ ಸೋತವನು' ಎಂಬ ಅರ್ಥದ ಇಂಗ್ಲಿಷ್ ಹೆಸರಿಟ್ಟ. ಮುಂದೆ 1982ರಲ್ಲಿ, 1983ರಲ್ಲಿ ಮತ್ತೆ ಹೋದ, ಅಂಕಗಳನ್ನೂ ತಂದ. ಅವು ಯಾರಿಗೂ ಅಷ್ಟು ನೆನಪಿಲ್ಲ. "ನಲವತ್ತು ಅಂಕ ಯಾರು ಬೇಕಾದರೂ ತರುತ್ತಾರೆ" ಎಂದು ಅಜ್ಜಿ ಕೈ ಬೀಸಿಬಿಟ್ಟರು. 2020ರಲ್ಲಿ ಅವನು ತೀರಿಕೊಂಡ ಸುದ್ದಿ ಬಂದಾಗ ಅಜ್ಜ ಸಂಜೆಯವರೆಗೆ ಅದೊಂದೇ ಹಾಡು ಹಾಕಿಕೊಂಡು ಕೂತಿದ್ದರಂತೆ.

ನಾನು ಸುಮ್ಮನೆ ಕೇಳುತ್ತಿದ್ದೆ. ಎಸ್ಸೆಸ್ಸೆಲ್ಸಿಗೆ ಏಳು ಸಲ ಕೂತ ನಮ್ಮ ಸೋದರಮಾವನನ್ನು ಊರಿನವರು ಘಜ್ನಿ ಮಹಮ್ಮದ್ ಎನ್ನುತ್ತಿದ್ದರು. ಆದರೂ ಪ್ರತಿ ಸಲ ಪರೀಕ್ಷೆಗೆ ಹೊರಟಾಗ ಕೇರಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮೊದಲ ದರ್ಜೆಯಲ್ಲಿ ಪಾಸಾದ ನಮ್ಮ ದೊಡ್ಡಪ್ಪನ ಮಗನನ್ನು ಹೀಗೆ ಯಾರೂ ಬೀಳ್ಕೊಟ್ಟದ್ದಿಲ್ಲ.

ನಾರ್ವೆಗೆ ಈ ಅಣ್ಣತಮ್ಮಂದಿರ ತಾಪತ್ರಯವೂ ಉಂಟು. ನಾಲ್ಕು ನೂರು ವರ್ಷದ ಹತ್ತಿರ ಡೆನ್ಮಾರ್ಕಿನ ಕೆಳಗೆ, ಆಮೇಲೆ 1905ರವರೆಗೆ ಸ್ವೀಡನ್ನಿನ ರಾಜನ ಕೆಳಗೆ ಇದ್ದು ಬೇರೆಯಾದ ಮನೆ ಅದು. 1974ರಲ್ಲಿ ಸ್ವೀಡನ್ ಆಬಾ ತಂಡವನ್ನು ಕಳಿಸಿ ಲೋಕವನ್ನೇ ಗೆದ್ದಿತು. ಅದೇ ರಾತ್ರಿ, ಅದೇ ವೇದಿಕೆಯಲ್ಲಿ ಕೊನೆಯ ಸಾಲಿನಲ್ಲಿ ನಿಂತದ್ದು ನಾರ್ವೆ. ಅಣ್ಣನಿಗೆ ರ‍್ಯಾಂಕ್ ಬಂದ ದಿನವೇ ತಮ್ಮನ ಫೇಲು ಫಲಿತಾಂಶ ಬಂದರೆ ಮನೆಯಲ್ಲಿ ಪಾಯಸ ಮಾಡುವುದೋ ಬೇಡವೋ?

ಆ ಸೇಡು ತೀರಿದ್ದು 1985ರಲ್ಲಿ, ಅದೂ ಅಣ್ಣನ ಮನೆಯಂಗಳದಲ್ಲೇ, ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ಬಾಬಿಸಾಕ್ಸ್ ಎಂಬ ಹೆಸರಿನಲ್ಲಿ ಹಾನ್ನೆ ಕ್ರೋಗ್, ಎಲಿಸಬೆತ್ ಆಂದ್ರೆಯಾಸೆನ್ ಎಂಬಿಬ್ಬರು ಹಾಡಿ 123 ಅಂಕ ತಂದು ಗೆದ್ದೇಬಿಟ್ಟರು. ಸ್ವೀಡನ್ನಿನ ನಿರೂಪಕಿ ವೇದಿಕೆಯಲ್ಲೇ, ನೀವು ಅದೆಷ್ಟೋ ಸಲ ಕೊನೆಗೆ ಬಂದಿದ್ದೀರಿ, ಇದು ನಿಮಗೆ ಸಲ್ಲಬೇಕಾದದ್ದೇ ಎಂಬರ್ಥದ ಮಾತಾಡಿದರಂತೆ. ಒಳ್ಳೆಯ ಮಾತೇ. ಆದರೆ ನಮ್ಮ ಕಡೆ ಮದುವೆ ಮನೆಯಲ್ಲಿ, "ಅಂತೂ ನಿಮ್ಮ ಮಗಳಿಗೂ ಗಂಡು ಸಿಕ್ಕಿದನಲ್ಲ" ಎನ್ನುವವರ ನೆನಪಾಗದೆ ಇರುವುದಿಲ್ಲ.

ಗೆದ್ದವರು ಮುಂದಿನ ವರ್ಷ ತಮ್ಮಲ್ಲಿ ನಡೆಸಿಕೊಡಬೇಕು. 1986ರಲ್ಲಿ ಬೆರ್ಗೆನ್ ಊರಿನಲ್ಲಿ ಆಯಿತು. ಆಗುಂಬೆಯವರನ್ನು ಕರೆದುಕೊಂಡು ಹೋಗಿ ಬಿಟ್ಟರೆ ಊರು ಬದಲಾದದ್ದೇ ಗೊತ್ತಾಗದಷ್ಟು ಮಳೆ ಬೀಳುವ ಊರು. ಅಲ್ಲಿ ಗೆದ್ದದ್ದು ಬೆಲ್ಜಿಯಮ್ಮಿನ ಸಾಂಡ್ರಾ ಕಿಮ್. ಹಾಡಿನಲ್ಲಿ ತನಗೆ ಹದಿನೈದು ಅಂದಳು, ಆಮೇಲೆ ನೋಡಿದರೆ ಹದಿಮೂರು! ನಮ್ಮ ಬಸ್ಸುಗಳಲ್ಲಿ ಅರ್ಧ ಟಿಕೆಟ್ಟಿಗಾಗಿ ಮೀಸೆ ಬಂದವನ ವಯಸ್ಸನ್ನೂ ಹನ್ನೊಂದಕ್ಕೆ ಇಳಿಸುವವರನ್ನು ಕಂಡಿದ್ದೇನೆ. ವಯಸ್ಸು ಏರಿಸಿ ಹೇಳಿದ ಹೆಣ್ಣುಮಗಳ ವಿಷಯ ಕೇಳಿದ್ದು ಇದೇ ಮೊದಲು.

ಎರಡನೆಯ ಗೆಲುವು 1995ರದ್ದು, ಸೀಕ್ರೆಟ್ ಗಾರ್ಡನ್ ಎಂಬ ಜೋಡಿಯದ್ದು. ಇಡೀ ಹಾಡಿನಲ್ಲಿ ಇಪ್ಪತ್ತನಾಲ್ಕೇ ಪದ, ಉಳಿದದ್ದೆಲ್ಲ ಪಿಟೀಲು. ಪಿಟೀಲು ಬಾರಿಸಿದಾಕೆ ಐರ್ಲೆಂಡಿನವರು, ಸ್ಪರ್ಧೆ ನಡೆದದ್ದೂ ಐರ್ಲೆಂಡಿನಲ್ಲಿ. ಸತತವಾಗಿ ಗೆದ್ದು ಮೂರು ವರ್ಷ ಖರ್ಚು ಹೊತ್ತು ಸುಸ್ತಾಗಿದ್ದ ಐರ್ಲೆಂಡು ಸದ್ಯ ಪೀಡೆ ತೊಲಗಿತು ಎಂದು ನಿಟ್ಟುಸಿರು ಬಿಟ್ಟಿತಂತೆ. ಮೂರನೆಯದು 2009ರಲ್ಲಿ, ಮಾಸ್ಕೋದಲ್ಲಿ. ಬೆಲಾರುಸ್ಸಿನ ಮಿನ್ಸ್ಕ್‌ನಲ್ಲಿ ಹುಟ್ಟಿ, ಸಣ್ಣವನಿದ್ದಾಗಲೇ ನಾರ್ವೆಗೆ ಬಂದ ಅಲೆಕ್ಸಾಂಡರ್ ರಿಬಾಕ್ ಪಿಟೀಲು ಹಿಡಿದುಕೊಂಡು ಹೋಗಿ 387 ಅಂಕ ತಂದ. ಅಲ್ಲಿಯವರೆಗೆ ಯಾರೂ ಅಷ್ಟು ಕಂಡಿರಲಿಲ್ಲ. ಅವನು ಗೆದ್ದದ್ದು ಮೇ 16ರ ರಾತ್ರಿ. ಮೇ 17 ಇವರ ರಾಷ್ಟ್ರೀಯ ಹಬ್ಬ. ದೇಶಕ್ಕೆ ದೇಶವೇ ಬಾವುಟ ಹಿಡಿದು ಬೀದಿಯಲ್ಲಿರುವ ದಿನವೇ ಹುಡುಗ ಊರಿಗೆ ಬಂದಿಳಿದ. ಅಳಿಯ ದೀಪಾವಳಿಗೆ ಬಂದ ಹಾಗೆ. ಮುಂದಿನ ವರ್ಷ ಸ್ಪರ್ಧೆ ನಡೆಸುವ ಖರ್ಚಿಗೆ ಅಲ್ಲಿನ ಸರ್ಕಾರಿ ವಾಹಿನಿ ಎನ್ನಾರ್ಕೆ 2010ರ ಫುಟ್‌ಬಾಲ್ ವಿಶ್ವಕಪ್ ಪ್ರಸಾರದ ತನ್ನ ಹಕ್ಕನ್ನೇ ಮಾರಿಬಿಟ್ಟಿತಂತೆ. ಮಗಳ ಮದುವೆಗೆ ಗದ್ದೆ ಮಾರಿದವರ ಕತೆ ನಮಗೆ ಹೊಸದಲ್ಲ.

ಆದರೆ ನೋಡಿ, ಗೆಲುವಿನ ಕತೆಗಳನ್ನು ಅಜ್ಜ ಹತ್ತು ನಿಮಿಷದಲ್ಲಿ ಮುಗಿಸಿದರು. ಸೋತ ಹಾಡುಗಳ ವಿಷಯಕ್ಕೆ ಬಂದರೆ ದನಿ ಮೆತ್ತಗಾಗುತ್ತಿತ್ತು. ಉತ್ತರದ ಸಾಮಿ ಜನ ತಮ್ಮ ನದಿಗೆ ಅಣೆಕಟ್ಟು ಬೇಡವೆಂದು ಓಸ್ಲೋದ ಪಾರ್ಲಿಮೆಂಟಿನ ಮುಂದೆ ಉಪವಾಸ ಕೂತಿದ್ದರು. ಅದರ ಮರುವರ್ಷ, 1980ರಲ್ಲಿ, ಸಾಮಿ ನಾಡಿನ ಹಾಡನ್ನೇ ನಾರ್ವೆ ಕಳಿಸಿತು. ಹದಿನಾರನೆಯದಾಗಿ ಬಂತು. 2019ರಲ್ಲಿ ಸಾಮಿ ದನಿ ಬೆರೆತ ಇನ್ನೊಂದು ಹಾಡಿಗೆ ಜನರ ಮತದಲ್ಲಿ ಮೊದಲ ಸ್ಥಾನ, ತೀರ್ಪುಗಾರರ ಲೆಕ್ಕದಲ್ಲಿ ಹದಿನೆಂಟನೆಯದು. ತೀರ್ಪುಗಾರರ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಗೊತ್ತೇ ಇದೆ.

ನನಗೆ ತೀರಾ ಹಿಡಿಸಿದ್ದು 2011ರದ್ದು. ಕೀನ್ಯಾದ ನೈರೋಬಿಯಲ್ಲಿ ಹುಟ್ಟಿದ ಸ್ಟೆಲ್ಲಾ ಮ್ವಾಂಗಿ ನಾರ್ವೆಯ ಪರವಾಗಿ ಹಾಡಿದ 'ಹಬಾ ಹಬಾ'. ಹಬಾ ಹಬಾ ಅಂದರೆ ಸ್ವಾಹಿಲಿ ಭಾಷೆಯಲ್ಲಿ ಚೂರು ಚೂರು. ಅಲ್ಲಿ ಒಂದು ಗಾದೆಯಿದೆಯಂತೆ, ಚೂರು ಚೂರು ಕೂಡಿದರೆ ಕಿಬಾಬಾ ತುಂಬುತ್ತದೆ ಎಂದು. ಕಿಬಾಬಾ ಎಂದರೆ ಕಾಳು ಅಳೆಯುವ ಅಳತೆ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ! ಅದೇ ಬಳ್ಳ! ಕೀನ್ಯಾದ ಅಜ್ಜಿಗೂ ನಮ್ಮಜ್ಜಿಗೂ ಒಂದೇ ಅಳತೆಪಾತ್ರೆ. ಈ ಮಹತ್ತರ ಶೋಧವನ್ನು ಅಜ್ಜನಿಗೆ ವಿವರಿಸುವಷ್ಟರಲ್ಲಿ ಮಗಳು ಹೇಳಿದಳು: "ಸೆಮಿಫೈನಲ್ಲೇ ದಾಟಲಿಲ್ಲ ಅಪ್ಪಾ ಅದು." ಬಳ್ಳ ತುಂಬಲಿಲ್ಲ.

ಅಷ್ಟರಲ್ಲಿ ಟೀವಿಯಲ್ಲಿ ನನ್ನ ನಾರ್ವೆ ಬಂತು. ತಂಡದ ಹೆಸರು ಗೋಟೆ, ಅಂದರೆ ಒಗಟು. ಹಾಡು, ಮಲತಾಯಿ ಮಾಟ ಮಾಡಿ ಹುಡುಗಿಯನ್ನು ತೋಳ ಮಾಡಿಬಿಡುವ ಹಳೆಯ ಲಾವಣಿಯ ಕತೆಯದ್ದು. ಹುಡುಗಿ ಹೂವಿನ ಮರವಾಗುವ ನಮ್ಮ ಜನಪದ ಕತೆ ಕೇಳಿ ಬೆಳೆದವರಿಗೆ ಇದರಲ್ಲಿ ಒಗಟೇನೂ ಇಲ್ಲ. ಬೆಟ್ಟದ ಮೇಲೆ ಮೇಯುವ ದನಗಳನ್ನು ಹೆಂಗಸರು ಕೂಗಿ ಕರೆಯುವ ತಾರಸ್ಥಾಯಿಯ ಕೂಗೊಂದು ಅದರಲ್ಲಿತ್ತು. ಕೇಳಿ ನನ್ನ ಮೈ ಜುಮ್ಮೆಂದಿತು. ಸಂಜೆ ನಮ್ಮ ಗುಡ್ಡದ ತುದಿಯಲ್ಲಿ ನಿಂತು ದೊಡ್ಡಮ್ಮ "ಬಾ ಗೌರೀ" ಎಂದು ಕೂಗುತ್ತಿದ್ದಳು, ಹಸು ಬಾರದಿದ್ದರೂ ನಾವೆಲ್ಲ ಮನೆಗೆ ಓಡಿ ಬರುತ್ತಿದ್ದೆವು. ಹದಿನೆಂಟು ವರ್ಷ ಬಿಟ್ಟು ನಾರ್ವೆ ಈ ಸ್ಪರ್ಧೆಯಲ್ಲಿ ತನ್ನ ನುಡಿಯಲ್ಲಿ ಹಾಡಿದ್ದು ಅಂದೇ. ನಾನು ಸೀಟಿ ಹೊಡೆದೆ.

ಅಂಕಗಳು ಬರತೊಡಗಿದವು. ಸ್ವಿಟ್ಜರ್‌ಲೆಂಡಿನ ನೆಮೊ ಮುಂದೆ ಮುಂದೆ ಹೋದರು. ಆ ಚೀಟಿ ಯಾರ ಹತ್ತಿರ ಇತ್ತೆಂದು ಹೇಳಬೇಕಾಗಿಲ್ಲ. ಅವಳು ತಂದ ಹಪ್ಪಳವನ್ನು ಅವಳೇ ಗೆದ್ದುಕೊಂಡಳು. ನಾರ್ವೆಗೆ ಎಲ್ಲ ಸೇರಿ 16 ಅಂಕ. ಇಪ್ಪತ್ತೈದರಲ್ಲಿ ಇಪ್ಪತ್ತೈದು. ಅಜ್ಜ ಮಡಿಸದೆ ಉಳಿಸಿಕೊಂಡಿದ್ದ ಹನ್ನೆರಡನೆಯ ಬೆರಳನ್ನು, ಅಂದರೆ ಅಜ್ಜಿಯ ಕೈಯ ಎರಡನೆಯ ಬೆರಳನ್ನು, ಶಾಸ್ತ್ರೋಕ್ತವಾಗಿ ಮಡಿಸಿದರು. ಆಮೇಲೆ ಐವರೂ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಕೂತರು.

ನನಗೆ ಪೂರ್ತಿಯಾಗಿ ಬರುವುದು ಒಂದೇ ಹಾಡು, ಏಳನೇ ತರಗತಿಯದ್ದು. ಅದನ್ನೇ ಎತ್ತಿಕೊಂಡೆ. ಹೆಂಡತಿ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದಳು. ಎರಡನೇ ಚರಣಕ್ಕೆ ತಾಳ ನಿಂತಿತು. ಕಣ್ಣು ಮಾತ್ರ ಬಿಡಲಿಲ್ಲ. ಮೂರು ನಿಮಿಷದ ನಿಯಮ ಮೀರಿತೆಂದು ಅಳಿಯ ವಾಚು ತೋರಿಸಿದ. ನಾನು ಮುಗಿಸಿದಾಗ ಒಂದು ಗಳಿಗೆ ಮೌನ. ಅಜ್ಜ ಎದ್ದು ನಿಂತು, ಇಲ್ಲದ ಭುಜಪಟ್ಟಿಯನ್ನು ಎರಡೂ ಕೈಯಲ್ಲಿ ಎಳೆದು ಬಿಟ್ಟರು. ಅಜ್ಜಿ ಏನೋ ಉದ್ದವಾಗಿ ಹೇಳಿದರು. ಏನಂದರು ಎಂದು ಮಗಳನ್ನು ಕೇಳಿದರೆ, "ಹೊತ್ತಾಯ್ತು ಮಲಗಿ ಅಪ್ಪಾ, ಬೆಳಿಗ್ಗೆ ಹೇಳ್ತೀನಿ" ಅಂದಳು. ಆ ಬೆಳಿಗ್ಗೆ ಇನ್ನೂ ಬಂದಿಲ್ಲ.

ಮರುದಿನ ಬಾಗಿಲು ತೆಗೆದರೆ ಹೊಸಿಲ ಬಳಿ ಒಂದು ಪೊಟ್ಟಣ, ಅದಕ್ಕೆ ಸಿಕ್ಕಿಸಿದ ಪುಟ್ಟ ನಾರ್ವೆ ಬಾವುಟ. ಬಿಚ್ಚಿದೆ. ಒಳಗೆ ಅವರ ಬ್ರುನೋಸ್ಟ್, ಕಂದು ಬಣ್ಣದ ಚೀಸು. ಹಾಲು ಒಡೆದ ಮೇಲೆ ಉಳಿಯುವ ನೀರನ್ನು ಬೆಲ್ಲದ ಪಾಕದಂತೆ ಕುದಿಸಿ ಕುದಿಸಿ ಬತ್ತಿಸಿ ಮಾಡುವುದು, ಸ್ವಲ್ಪ ಸಿಹಿ. ಅಂಗೈಯಗಲದ, ನಾಲ್ಕೂ ಕಡೆ ನೀಟಾಗಿ ಕತ್ತರಿಸಿದ ಗಟ್ಟಿ. ನನಗೆ ಜೀವಮಾನದಲ್ಲಿ ಬಂದ ಎರಡನೆಯ ಸಮಾಧಾನಕರ ಬಹುಮಾನ. ಹೆಂಡತಿ ಅಡುಗೆಮನೆಯಿಂದ ಬಂದು ಅದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮೂಸಿಯೂ ನೋಡಿದಳು.

"ರೀ," ಅಂದಳು, "ನಲವತ್ತೈದು ವರ್ಷ ಆದಮೇಲೆ ಅಂತೂ ನಿಮ್ಮ ಡಬ್ಬಿಗೆ ಸೋಪು ಬಂತು."